ಸಿಗ್ನಲ್‌ನಲ್ಲಿ ಜೊತೆ ತಪ್ಪಿದರೆ ತಪ್ಪೇನು?

ಪ್ರಶ್ನೆ: ನನಗೆ 34 ವರ್ಷ. ಬೆಂಗಳೂರಿನ ರಾಜಾಜಿನಗರದಲ್ಲಿದ್ದೇವೆ. ಹತ್ತು ವರ್ಷ ಸ್ಕೂಟರ್ ಓಡಿಸಿದ್ದೇನೆ, ಗೇರ್ ಬೈಕ್ ಕಲಿತು ಎಂಟು ತಿಂಗಳಾಯಿತು. ಈಗ ನನ್ನದೇ 350 ಸಿಸಿ ಬೈಕ್ ಇದೆ. ನನ್ನ ಗಂಡ ಹದಿನೈದು ವರ್ಷದಿಂದ ಬೈಕ್ ಓಡಿಸುತ್ತಿದ್ದಾರೆ. ಕಳೆದ ತಿಂಗಳು ಮೊದಲ ಸಲ ಇಬ್ಬರೂ ಒಂದೊಂದು ಬೈಕ್ ತೆಗೆದುಕೊಂಡು ಚಿಕ್ಕಮಗಳೂರಿಗೆ ಹೊರಟೆವು. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಹಳದಿ ಬಿತ್ತು, ಅವರು ದಾಟಿಬಿಟ್ಟರು. ಎಲ್ಲಿ ಜೊತೆ ತಪ್ಪುತ್ತದೋ ಎಂಬ ಗಾಬರಿಯಲ್ಲಿ ನಾನೂ ನುಗ್ಗಿದೆ. ಅಷ್ಟರಲ್ಲಿ ಕೆಂಪಾಗಿತ್ತು. ಅಡ್ಡ ಬಂದ ಬಸ್ಸು ಬ್ರೇಕ್ ಹಾಕಿದ್ದರಿಂದ ಬದುಕಿದೆ. ಆಮೇಲೆ ಹಿರೀಸಾವೆ ದಾಟಿದ ಮೇಲೆ ಇನ್ನೊಂದು. ಎಡಗಡೆ ಹಳ್ಳಿ ರಸ್ತೆಯಲ್ಲಿ ನಿಂತಿದ್ದ ಟ್ರ್ಯಾಕ್ಟರ್ ಅವರನ್ನು ಹೋಗಲು ಬಿಟ್ಟು, ಸರಿಯಾಗಿ ನನ್ನ ಮುಂದೆ ರಸ್ತೆಗೆ ಬಂತು. ಅವರು ಹೇಳುತ್ತಾರೆ, "ನೀನು ಗ್ಯಾಪ್ ಬಿಟ್ಟಿದ್ದೇ ತಪ್ಪು, ನನ್ನ ಹಿಂದೆ ಅಂಟಿಕೊಂಡೇ ಬಾ" ಅಂತ. ನಾನು ಹೇಳುವುದು, "ನೀವು ಕಾಯಬೇಕಿತ್ತು" ಅಂತ. ಯಾರು ಸರಿ? ಹೆಲ್ಮೆಟ್‌ಗೆ ಹಾಕಿಕೊಂಡು ಮಾತಾಡುವ ಇಂಟರ್‌ಕಾಮ್ ತೆಗೆದುಕೊಂಡರೆ ಇದು ಸರಿಹೋಗುತ್ತಾ? ನಮ್ಮಿಬ್ಬರಲ್ಲಿ ಯಾರು ಮುಂದೆ ಹೋಗಬೇಕು?

ಉತ್ತರ: ಮೊದಲು ಒಂದು ಮಾತು. ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದ್ದು ನಿಮ್ಮ ಅದೃಷ್ಟ. ಅದನ್ನು ಮುಚ್ಚಿಡದೆ ಬರೆದಿದ್ದೀರಿ, ಒಳ್ಳೆಯದಾಯಿತು. ಹದಿನಾಲ್ಕು ವರ್ಷದಿಂದ ಬೈಕ್ ಓಡಿಸುವುದನ್ನು ಕಲಿಸುತ್ತಿದ್ದೇನೆ. ಜೋಡಿಯಾಗಿ ಹೋಗುವವರಲ್ಲಿ ಎರಡನೇ ಬೈಕಿನವರು ಹೇಳುವ ಕಥೆ ಹೆಚ್ಚುಕಡಿಮೆ ಇದೇ. ಅಣ್ಣ ತಮ್ಮ, ಗೆಳೆಯರು, ಗಂಡ ಹೆಂಡತಿ, ಯಾರೇ ಇರಲಿ. ಮುಂದಿನವನಿಗೆ ಏನೂ ಆಗಿರುವುದಿಲ್ಲ. ಏನಾಯಿತು ಅಂತ ಅವನಿಗೆ ಗೊತ್ತೂ ಆಗಿರುವುದಿಲ್ಲ.

ನಿಮ್ಮ ಚಿಂತೆಯನ್ನು ಎರಡಾಗಿ ಒಡೆಯುತ್ತೇನೆ. ಸಿಗ್ನಲ್‌ನಲ್ಲಿ ಆದದ್ದು ಒಂದು, ಟ್ರ್ಯಾಕ್ಟರ್‌ದು ಇನ್ನೊಂದು. ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ. ನೀವಿಬ್ಬರೂ ಎರಡನ್ನೂ ಒಂದೇ ಜಗಳದಲ್ಲಿ ಸೇರಿಸಿಕೊಂಡಿದ್ದೀರಿ.

ಸಿಗ್ನಲ್ ವಿಷಯಕ್ಕೆ ಬರೋಣ. ಸ್ವಲ್ಪ ಲೆಕ್ಕ ಮಾಡಬೇಕು, ಬೇಜಾರು ಮಾಡಿಕೊಳ್ಳಬೇಡಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ನೀವು ಅವರಿಂದ ಎರಡು ಸೆಕೆಂಡ್ ಹಿಂದೆ ಇದ್ದಿರಿ ಅಂತಿಟ್ಟುಕೊಳ್ಳಿ. ಅಂದರೆ ಇಬ್ಬರ ನಡುವೆ 22 ಮೀಟರ್. ಅವರು ಸ್ಟಾಪ್ ಲೈನಿಗೆ 10 ಮೀಟರ್ ಇದ್ದಾಗ ಹಳದಿ ಬಿತ್ತು. ಆ ವೇಗದಲ್ಲಿ ನಿಲ್ಲಿಸಲು ಸುಮಾರು 25 ಮೀಟರ್ ಬೇಕು. ಕಣ್ಣು ನೋಡಿ ಕೈ ಬ್ರೇಕಿಗೆ ಹೋಗುವಷ್ಟರಲ್ಲೇ 11 ಮೀಟರ್ ಹೋಗಿರುತ್ತದೆ, ಉಳಿದದ್ದು ಬ್ರೇಕಿಗೆ. ಹಾಗಾಗಿ ಅವರಿಗೆ ನಿಲ್ಲಲು ಆಗುತ್ತಿರಲಿಲ್ಲ, ದಾಟಿದ್ದು ಸರಿ. ಅದೇ ಕ್ಷಣದಲ್ಲಿ ನೀವು ಲೈನಿಗೆ 32 ಮೀಟರ್ ದೂರದಲ್ಲಿದ್ದಿರಿ. ಆರಾಮಾಗಿ ನಿಲ್ಲಬಹುದಿತ್ತು. ನಿಲ್ಲದೆ ಹೋದರೆ ಲೈನ್ ಮುಟ್ಟಲು ಮೂರು ಸೆಕೆಂಡ್ ಬೇಕು. ನಮ್ಮ ಸಿಗ್ನಲ್‌ಗಳಲ್ಲಿ ಹಳದಿ ಇರುವುದೇ ಸಾಮಾನ್ಯವಾಗಿ ಅಷ್ಟು ಹೊತ್ತು.

ಅರ್ಥವಾಯಿತಲ್ವಾ? ಒಂದೇ ಹಳದಿ ದೀಪ ಅವರಿಗೆ "ಹೋಗು" ಅಂದಿತು, ನಿಮಗೆ "ನಿಲ್ಲು" ಅಂದಿತು. ದೀಪ ಎರಡೂ ಸಲ ಸರಿಯಾಗಿಯೇ ಹೇಳಿತು. ನೀವು ದೀಪವನ್ನು ನೋಡದೆ ಅವರ ಹಿಂದಿನ ಕೆಂಪು ಲೈಟನ್ನು ನೋಡಿಕೊಂಡು ಹೋದಿರಿ, ಅಷ್ಟೇ.

ಅಂದರೆ ಸರಿಯಾದ ಅಂತರ ಇಟ್ಟುಕೊಂಡು ಹೋಗುವ ಜೋಡಿ ಸಿಗ್ನಲ್‌ಗಳಲ್ಲಿ ಆಗಾಗ ಬೇರೆಯಾಗಲೇಬೇಕು. ಬೇರೆಯಾಗದೇ ಇರುವ ಜೋಡಿಯನ್ನು ಕಂಡರೆ ನನಗೆ ಅನುಮಾನ. ಒಂದೋ ತೀರ ಅಂಟಿಕೊಂಡು ಹೋಗುತ್ತಿದ್ದಾರೆ, ಇಲ್ಲಾ ಎರಡನೆಯವರು ಕೆಂಪು ಹಾರಿಸುತ್ತಿದ್ದಾರೆ.

ಕಾನೂನಿನಲ್ಲೂ ಜೋಡಿಗೆ ರಿಯಾಯಿತಿ ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ನಂತರ ಕೆಂಪು ದೀಪ ಹಾರಿಸುವುದು 184ನೇ ಕಲಮಿನ ಅಡಿ ಅಪಾಯಕಾರಿ ಚಾಲನೆ. ಜಂಕ್ಷನ್ನಿನ ಕ್ಯಾಮೆರಾ ನಂಬರ್ ಪ್ಲೇಟ್ ನೋಡುತ್ತದೆ, ಯಾರ ಹಿಂದೆ ಯಾರಿದ್ದರು ಅಂತ ಕೇಳುವುದಿಲ್ಲ.

ಹಾಗಾದರೆ "ಅವರು ಕಾಯಬೇಕಿತ್ತು" ಎಂಬ ನಿಮ್ಮ ಮಾತು? ಅರ್ಧ ಸರಿ. ಕಾಯಬೇಕು, ಆದರೆ ಎಲ್ಲಿ ಎನ್ನುವುದೇ ಪ್ರಶ್ನೆ. ಸಿಗ್ನಲ್ ದಾಟಿದ ಕೂಡಲೇ ನಿಲ್ಲುವುದು ಬೇಡವೇ ಬೇಡ. ನಮ್ಮ ಊರುಗಳಲ್ಲಿ ಜಂಕ್ಷನ್ ದಾಟಿದ ತಕ್ಷಣ ಏನಿರುತ್ತದೆ ನೋಡಿ. ಬಸ್ ನಿಲ್ದಾಣ ಇರುತ್ತದೆ, ಆಟೋ ಸಾಲು ಇರುತ್ತದೆ, ಫ್ರೀ ಲೆಫ್ಟ್‌ನಿಂದ ನುಗ್ಗುವ ಗಾಡಿಗಳು, ಹಣ್ಣಿನ ತಳ್ಳುಗಾಡಿ. ಅದರ ಮಧ್ಯೆ ಬೈಕ್ ನಿಲ್ಲಿಸಿ ಹಿಂದಕ್ಕೆ ತಿರುಗಿ ನೋಡುತ್ತಾ ನಿಂತವನಿಗೆ ಯಾವಾಗ ಯಾರು ಗುದ್ದುತ್ತಾರೋ ಹೇಳಲಾಗದು. ಇನ್ನು ಕೆಲವರು ನಿಲ್ಲುವುದಿಲ್ಲ, 20ರಲ್ಲಿ ತೆವಳುತ್ತಾ ಕನ್ನಡಿ ನೋಡುತ್ತಾರೆ. ಅದು ಇನ್ನೂ ಕೆಟ್ಟದ್ದು. ಜಂಕ್ಷನ್ ಬಿಟ್ಟು ಇನ್ನೂರು ಮುನ್ನೂರು ಮೀಟರ್ ಮುಂದೆ ಹೋಗಿ, ರಸ್ತೆಯಿಂದ ಪೂರ್ತಿ ಎಡಕ್ಕೆ ಇಳಿದು, ಹಿಂದಿನಿಂದ ಕಾಣುವ ಜಾಗದಲ್ಲಿ ನಿಲ್ಲಬೇಕು. ಪೆಟ್ರೋಲ್ ಬಂಕ್ ಆದರೆ ಬಹಳ ಒಳ್ಳೆಯದು.

ಇದನ್ನು ಮನೆ ಬಿಡುವ ಮುಂಚೆಯೇ ಮಾತಾಡಿಕೊಂಡಿರಬೇಕು. ನಿಮ್ಮ ಗಾಬರಿಯ ಮೂಲ ಅಲ್ಲಿದೆ. ಅವರು ಕಣ್ಣಿಂದ ಮರೆಯಾದರೆ ಮುಂದೇನು ಅಂತ ನಿಮಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಹಳದಿ ಕಂಡಾಗ ಸುಮ್ನೆ ನಿಲ್ಲುತ್ತಿದ್ದಿರಿ. ಎಂಟು ತಿಂಗಳ ಅನುಭವ ಕಡಿಮೆಯಾಗಿ ಹೀಗಾಯಿತು ಅಂತ ನನಗನ್ನಿಸುವುದಿಲ್ಲ. ಇಪ್ಪತ್ತು ವರ್ಷ ಓಡಿಸಿದವರೂ ದಾರಿ ಗೊತ್ತಿಲ್ಲದ ಊರಿನಲ್ಲಿ ಹೀಗೇ ನುಗ್ಗುವುದನ್ನು ನೋಡಿದ್ದೇನೆ.

ನಿಮ್ಮವರಿಗೂ ಒಂದು ಕೆಲಸ ಇದೆ. ಮುಂದೆ ಹೋಗುವವರು ಜಂಕ್ಷನ್ ಹತ್ತಿರ ಬಂದಾಗ ಕನ್ನಡಿ ನೋಡಿ, ಹಿಂದಿನವರು ಎಷ್ಟು ದೂರದಲ್ಲಿದ್ದಾರೆ ಅಂತ ತಿಳಿದುಕೊಂಡಿರಬೇಕು. ಹಸಿರು ಬಹಳ ಹೊತ್ತಿನಿಂದ ಉರಿಯುತ್ತಿದ್ದರೆ ಅದು ಹಳಸಿದ ಹಸಿರು, ಇನ್ನೇನು ಹೋಗುತ್ತದೆ. ಅದನ್ನು ಕಂಡಾಗ ಮೊದಲೇ ವೇಗ ಇಳಿಸಿದರೆ, ಹಳದಿ ಬಿದ್ದಾಗ ಇಬ್ಬರಿಗೂ ನಿಲ್ಲಲು ಜಾಗ ಇರುತ್ತದೆ. ಒಬ್ಬರೇ ಇದ್ದಾಗ ಕೌಂಟ್‌ಡೌನ್‌ನಲ್ಲಿ 4 ಕಂಡು ಗೇರ್ ಇಳಿಸಿ ಎಳೆಯುವುದು ಅವರ ಅಭ್ಯಾಸವಾಗಿರಬಹುದು. ಅದೂ ಬೇಡ ಅಂತಲೇ ನನ್ನ ಅಭಿಪ್ರಾಯ. ಜೊತೆಯಲ್ಲಿ ಇನ್ನೊಬ್ಬರಿದ್ದಾಗಂತೂ ಖಂಡಿತ ಬೇಡ.

ಆದರೆ ಒಂದನ್ನು ಮಾಡಬಾರದು. ದಾಟಲೇಬೇಕಾದ ಹಳದಿಯಲ್ಲಿ "ಅಯ್ಯೋ ಅವಳು ಹಿಂದೆ ಇದ್ದಾಳೆ" ಅಂತ ಅವರು ಗಕ್ಕನೆ ಬ್ರೇಕ್ ಹಿಡಿಯಬಾರದು. ಅವರ ಹಿಂದೆ ನೀವೊಬ್ಬರೇ ಇರುವುದಿಲ್ಲ. ಕ್ಯಾಬ್ ಇರುತ್ತದೆ, ಟೆಂಪೋ ಇರುತ್ತದೆ.

ಈಗ ಟ್ರ್ಯಾಕ್ಟರ್. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಇದೇ. ಸಿಗ್ನಲ್‌ನಲ್ಲಿ ತಪ್ಪು ನಿಮ್ಮದಿತ್ತು, ತಿದ್ದಿಕೊಳ್ಳಬಹುದು. ಇಲ್ಲಿ ನೀವು ತಪ್ಪು ಮಾಡಲಿಲ್ಲ, ಆದರೂ ಸಾಯುವ ಹಾಗಾಯಿತು.

ಅಡ್ಡ ರಸ್ತೆಯಲ್ಲಿ ನಿಂತ ಡ್ರೈವರ್ ಬಲಕ್ಕೆ ನೋಡುತ್ತಾನೆ. ದೂರದಲ್ಲಿ ಒಂದು ಹೆಡ್‌ಲೈಟ್ ಕಾಣುತ್ತದೆ. ನಮ್ಮಲ್ಲಿ 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಹೆಡ್‌ಲೈಟ್ ಹಗಲಲ್ಲೂ ತಾನಾಗಿ ಉರಿಯುತ್ತಿರುತ್ತದೆ, ಒಳ್ಳೆಯ ನಿಯಮ. ಆದರೆ ನೀವು ಅವರ ನೇರ ಹಿಂದೆ ಇದ್ದರೆ ಆತನಿಗೆ ಎರಡು ದೀಪ ಕಾಣುವುದಿಲ್ಲ, ಒಂದೇ ಕಾಣುತ್ತದೆ. "ಒಂದು ಬೈಕ್ ಬರ್ತಿದೆ, ಹೋಗಲಿ" ಅಂದುಕೊಳ್ಳುತ್ತಾನೆ. ಬೈಕ್ ಹೋಯಿತು. ಆತನ ಮನಸ್ಸಿನಲ್ಲಿ ರಸ್ತೆ ಖಾಲಿ. ಕಾಲು ಕ್ಲಚ್ ಬಿಡುತ್ತದೆ. ಮತ್ತೊಮ್ಮೆ ನೋಡಿದರೂ ಇನ್ನೊಂದು ಗೊಂದಲವಿದೆ. ಸಣ್ಣ ವಸ್ತು ನಮ್ಮ ಕಣ್ಣಿಗೆ ಇರುವುದಕ್ಕಿಂತ ದೂರದಲ್ಲಿ, ನಿಧಾನವಾಗಿ ಬರುತ್ತಿರುವ ಹಾಗೆ ಕಾಣುತ್ತದೆ. ಲಾರಿಯ ವೇಗ ಅಂದಾಜು ಸಿಗುತ್ತದೆ, ಎದುರಿನಿಂದ ಬರುವ ಬೈಕಿನ ವೇಗ ಸಿಗುವುದಿಲ್ಲ. ಆತ ಕೆಟ್ಟವನಾಗಿರಬೇಕಿಲ್ಲ, ಕುಡಿದಿರಬೇಕಿಲ್ಲ.

ನಿಂತ ಕಾರೊಂದು ಎರಡು ಸೆಕೆಂಡಿನಲ್ಲಿ ಮೂರ್ನಾಲ್ಕು ಮೀಟರ್ ಮುಂದೆ ಬಂದುಬಿಡುತ್ತದೆ. ನಮ್ಮ ಹೆದ್ದಾರಿಯ ಒಂದು ಲೇನಿನ ಅಗಲ ಮೂರೂವರೆ ಮೀಟರ್. ಅಂದರೆ ನಿಮ್ಮವರು ದಾಟಿ ಎರಡು ಸೆಕೆಂಡಿಗೆ ನೀವು ಅಲ್ಲಿಗೆ ಬರುವಷ್ಟರಲ್ಲಿ ನಿಮ್ಮ ಲೇನು ಮುಚ್ಚಿಹೋಗಿರಬಹುದು. ಟ್ರ್ಯಾಕ್ಟರ್ ಸ್ವಲ್ಪ ನಿಧಾನ. ನೀವು ಈ ಪತ್ರ ಬರೆಯುವ ಸ್ಥಿತಿಯಲ್ಲಿರುವುದಕ್ಕೆ ಅದೂ ಒಂದು ಕಾರಣ ಇರಬಹುದು.

ಈಗ ನಿಮ್ಮವರ ಮಾತಿಗೆ ಬರುತ್ತೇನೆ. "ಗ್ಯಾಪ್ ಬಿಟ್ಟಿದ್ದೇ ತಪ್ಪು." ಇದರಲ್ಲಿ ಒಂದು ಎಳೆ ನಿಜ ಇದೆ, ಅದನ್ನು ಒಪ್ಪಿಕೊಳ್ಳಬೇಕು. ಎರಡು ಮೂರು ಸೆಕೆಂಡಿನ ಗ್ಯಾಪು ಅಡ್ಡ ರಸ್ತೆಯಲ್ಲಿ ನಿಂತವನಿಗೆ ಆಸೆ ಹುಟ್ಟಿಸುವ ಗ್ಯಾಪೇ. ಒಂದು ಸೆಕೆಂಡ್ ಇದ್ದಿದ್ದರೆ ಬಹುಶಃ ಟ್ರ್ಯಾಕ್ಟರ್ ಹೊರಡುತ್ತಿರಲಿಲ್ಲ. ಆದರೆ ಮದ್ದು ತಪ್ಪು. 60ರ ವೇಗದಲ್ಲಿ ಒಂದು ಸೆಕೆಂಡ್ ಅಂದರೆ ಹದಿನೇಳು ಮೀಟರೂ ಇಲ್ಲ. ಅವರು ಒಂದು ನಾಯಿಗೆ ಬ್ರೇಕ್ ಹಾಕಿದರೂ ನೀವು ಅವರ ಮೇಲೆ ಹೋಗುತ್ತೀರಿ. ಮುಂದಿನ ರಸ್ತೆ, ಗುಂಡಿ, ಹಂಪ್ ಯಾವುದೂ ಕಾಣುವುದಿಲ್ಲ, ಅವರ ಬೆನ್ನು ಮಾತ್ರ ಕಾಣುತ್ತದೆ. ಟ್ರ್ಯಾಕ್ಟರಿನಿಂದ ತಪ್ಪಿಸಿಕೊಳ್ಳಲು ಗಂಡನಿಗೇ ಗುದ್ದುವುದು ಯಾವ ನ್ಯಾಯ?

ನಾನು ಕಲಿಸುವುದು ಹೀಗೆ. ಒಂದೇ ಲೇನಿನಲ್ಲಿ ಇಬ್ಬರೂ ನೇರ ಹಿಂದೆ ಮುಂದೆ ಹೋಗಬೇಡಿ. ಮುಂದಿನವರು ಲೇನಿನ ಬಲ ಪಾಲಿನಲ್ಲಿ, ಹಿಂದಿನವರು ಎಡ ಪಾಲಿನಲ್ಲಿ, ಓರೆಯಾಗಿ. ಆಗ ದೂರದಿಂದಲೇ ಎರಡು ದೀಪ ಬೇರೆ ಬೇರೆ ಕಾಣುತ್ತವೆ, ಮುಂದಿನ ರಸ್ತೆ ನಿಮಗೂ ಕಾಣುತ್ತದೆ. ಎಡಗಡೆಯ ಅಡ್ಡ ರಸ್ತೆಯಲ್ಲಿ ಗಾಡಿ ನಿಂತಿದ್ದು ಕಂಡರೆ ಸ್ವಲ್ಪ ಬಲಕ್ಕೆ ಸರಿಯಿರಿ. ಹಾಗೆ ಸರಿಯುವ ಚಲನೆಯೇ ಅವನ ಕಣ್ಣಿಗೆ ಬೀಳುತ್ತದೆ, ನಿಮಗೆ ಒಂದೆರಡು ಮೀಟರ್ ಜಾಗವೂ ಸಿಗುತ್ತದೆ. ಘಾಟಿಯಲ್ಲಿ, ಕಿರಿದಾದ ರಸ್ತೆಯಲ್ಲಿ ಈ ಓರೆ ಬೇಡ, ಒಬ್ಬರ ಹಿಂದೆ ಒಬ್ಬರು ಹೋಗಿ, ಅಂತರ ಹೆಚ್ಚಿಸಿ.

ಹಳ್ಳಿ ಕ್ರಾಸ್, ಡಿವೈಡರ್ ಕಟ್ ಬರುವಾಗ ಅಂತರವನ್ನು ಐದಾರು ಸೆಕೆಂಡಿಗೆ ಹೆಚ್ಚಿಸುವುದು ನನಗೆ ಇಷ್ಟ. ಆಗ ನೀವು "ಆ ಬೈಕಿನ ಬಾಲ" ಆಗಿರುವುದಿಲ್ಲ, ಬೇರೆಯೇ ಒಂದು ಗಾಡಿ. ಟ್ರ್ಯಾಕ್ಟರಿನವನು ನಿಮ್ಮ ಮುಂದೆ ಹೋಗುವುದಾದರೆ ಪೂರ್ತಿ ಹೋಗಲಿ, ನಿಮಗೆ ವೇಗ ಇಳಿಸಲು ಸಮಯ ಇರುತ್ತದೆ. ಎಡಗೈ ಕ್ಲಚ್ ಮೇಲೆ, ಬಲಗೈಯ ಎರಡು ಬೆರಳು ಬ್ರೇಕ್ ಮೇಲೆ, ಆಕ್ಸಿಲರೇಟರ್ ಸಡಿಲ. ಅಡ್ಡ ರಸ್ತೆಯಲ್ಲಿ ನಿಂತ ಗಾಡಿಯ ಮುಂದಿನ ಚಕ್ರ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಡ್ರೈವರಿನ ಮುಖ ನಿಮ್ಮ ಕಡೆಗಿದ್ದರೂ ಆತ ನಿಮ್ಮನ್ನು ನೋಡುತ್ತಿದ್ದಾನೆ ಅಂತಲ್ಲ. ಚಕ್ರ ತಿರುಗಲು ಶುರುವಾದರೆ ಮಾತ್ರ ಆತ ಹೊರಟ ಅಂತ ಅರ್ಥ. ಚಕ್ರ ಸುಳ್ಳು ಹೇಳುವುದಿಲ್ಲ.

ಹಾರ್ನ್ ಹೊಡೆಯಿರಿ, ಚಿಕ್ಕದಾಗಿ, ಮೊದಲೇ. ಪಾಸ್ ಲೈಟ್, ಅಂದರೆ ಹೆಡ್‌ಲೈಟ್ ಮಿನುಗಿಸುವುದು, ಹೊಡೆಯುವ ಮುನ್ನ ಯೋಚಿಸಿ. ನಮ್ಮಲ್ಲಿ ಅದರ ಅರ್ಥ "ನಾನು ಬರ್ತಿದ್ದೀನಿ, ನಿಲ್ಲು" ಅಂತ. ಬ್ರಿಟನ್ನಿನಲ್ಲಿ ಎಷ್ಟೋ ಜನ ಅದನ್ನೇ "ನೀನು ಹೋಗು" ಅಂತ ತೆಗೆದುಕೊಳ್ಳುತ್ತಾರೆ. ಅಲ್ಲಿರುವ ಕನ್ನಡದ ಹುಡುಗನೊಬ್ಬ ಊರಿಗೆ ಬಂದಾಗ ನನ್ನ ಜೊತೆ ಹೊರಟಿದ್ದ. ಎದುರಿನ ಲಾರಿ ಲೈಟ್ ಹೊಡೆಯಿತು. ಇವನು ಥ್ಯಾಂಕ್ಸ್ ಅಂತ ಕೈ ಎತ್ತಿ ಬಲಕ್ಕೆ ತಿರುಗಿಸಲು ಹೊರಟಿದ್ದ, ನಾನು ಕೂಗಿದ್ದಕ್ಕೆ ನಿಂತ.

ಇನ್ನೊಂದು ನಂಬಿಕೆಯನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ, ನೀವು ಕೇಳದಿದ್ದರೂ. ಜಂಕ್ಷನ್ ನೇರವಾಗಿ ದಾಟುವಾಗ ನಾಲ್ಕೂ ಇಂಡಿಕೇಟರ್ ಹಾಕಿಕೊಳ್ಳಬೇಕು ಅಂತ ಬಹಳ ಜನ ನಂಬಿದ್ದಾರೆ. ಗುಂಪಿನಲ್ಲಿ ಹೋಗುವವರಂತೂ ದಾರಿಯುದ್ದಕ್ಕೂ ಹಾಕಿಕೊಂಡಿರುತ್ತಾರೆ. ಬೇಡ. ಎಡಗಡೆ ನಿಂತವನಿಗೆ ನಿಮ್ಮ ಎಡ ಇಂಡಿಕೇಟರ್ ಮಾತ್ರ ಕಂಡರೆ ನೀವು ಎಡಕ್ಕೆ ತಿರುಗುತ್ತೀರಿ ಅಂದುಕೊಂಡು ನಿಮ್ಮ ಮುಂದೆಯೇ ಹೊರಡುತ್ತಾನೆ. ಮೇಲಾಗಿ ನೀವು ನಿಜವಾಗಿ ತಿರುಗುವಾಗ ತೋರಿಸಲು ಏನೂ ಉಳಿದಿರುವುದಿಲ್ಲ. ನೇರ ಹೋಗುವವರಿಗೆ ಇಂಡಿಕೇಟರ್ ಬೇಕಿಲ್ಲ. ಹಜಾರ್ಡ್ ಲೈಟ್ ಇರುವುದು ಕೆಟ್ಟು ನಿಂತ ಗಾಡಿಗೆ.

ಬಲಕ್ಕೆ ತಿರುಗುವುದರ ಬಗ್ಗೆ ನೀವು ಬರೆದಿಲ್ಲ. ಆದರೆ ಜೋಡಿ ರೈಡಿಂಗ್‌ನಲ್ಲಿ ನಾನು ಹೆಚ್ಚು ಹೆದರುವುದು ಅದಕ್ಕೇ. ಹೆದರಿಕೆಗೆ ಕಾರಣ ನನ್ನದೇ ಒಂದು ತಪ್ಪು.

ಸುಮಾರು ಹತ್ತು ವರ್ಷದ ಹಿಂದಿನ ಮಾತು. ಗೆಳೆಯ ಮತ್ತು ನಾನು ನಾಲ್ಕು ಲೇನಿನ ಹೆದ್ದಾರಿಯ ಡಿವೈಡರ್ ಕಟ್‌ನಲ್ಲಿ ಬಲಕ್ಕೆ ತಿರುಗಿ, ಆಚೆ ಕಡೆಯ ಹೋಟೆಲಿಗೆ ಹೋಗಬೇಕಿತ್ತು. ನಾನು ದಾಟಿದೆ. ಆಚೆ ನಿಂತು ನೋಡಿದೆ, ರಸ್ತೆ ಖಾಲಿ ಕಂಡಿತು. ಬಾ ಅಂತ ಕೈ ಬೀಸಿದೆ. ಅವನು ನನ್ನ ಕೈ ನೋಡಿದ, ರಸ್ತೆ ನೋಡಲಿಲ್ಲ. ನಾನು ನೋಡಿದ್ದು ನಾನು ನಿಂತ ಜಾಗದಿಂದ. ತಿರುವಿನ ಆಚೆ ಬರುತ್ತಿದ್ದ ಕಾರು ಅಲ್ಲಿಂದ ಕಾಣುತ್ತಿರಲಿಲ್ಲ. ಕಾರು ಅವನ ಹಿಂದಿನ ಚಕ್ರಕ್ಕೆ ತಾಗಿತು. ಕಾಲರ್ ಬೋನ್ ಮುರಿಯಿತು, ಆರು ವಾರ ಕೈಗೆ ಜೋಳಿಗೆ. ಅವನು ಇವತ್ತಿಗೂ ನನ್ನನ್ನು ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ನಾನು ಯಾರಿಗೂ ಕೈ ಬೀಸಿ ಬಾ ಅಂದಿಲ್ಲ.

ಡಿವೈಡರ್ ಕಟ್‌ನಲ್ಲಿ ಇನ್ನೊಂದು ತೊಂದರೆ ಜಾಗದ್ದು. ಬೈಕಿನ ಉದ್ದ ಎರಡು ಮೀಟರ್ ಮೇಲೆ. ಎಷ್ಟೋ ಕಡೆ ಡಿವೈಡರ್ ಒಂದು ಬೈಕಿಗೇ ಸಾಲದಷ್ಟು ಕಿರಿದು. ಮುಂದಿನವರು ಅಲ್ಲಿ ನಿಂತರೆ ಹಿಂದಿನವರ ಬೈಕಿನ ಬಾಲ ವೇಗದ ಲೇನಿನಲ್ಲಿ ಚಾಚಿಕೊಂಡಿರುತ್ತದೆ. ಹಿಂದಿನಿಂದ ಬರುವವರು 100ರಲ್ಲಿ ಇರುತ್ತಾರೆ. ಅಂಥ ಕಡೆ ಎರಡನೆಯವರು ಬಲಕ್ಕೆ ಹೋಗಲೇಬಾರದು. ಎಡಕ್ಕೆ ಇಳಿದು, ರಸ್ತೆ ಪಕ್ಕ ನಿಂತು, ಮುಂದಿನವರು ದಾಟಿದ ಮೇಲೆ ತಮ್ಮ ಸರದಿ ನೋಡಿಕೊಂಡು ದಾಟಬೇಕು. ಇಬ್ಬರಿಗೂ ಎಡಕ್ಕೆ ಇಳಿಯುವುದೇ ಒಳ್ಳೆಯದು. ಇನ್ನೂ ಒಳ್ಳೆಯದೆಂದರೆ ಒಂದೆರಡು ಕಿಲೋಮೀಟರ್ ಮುಂದೆ ಅಂಡರ್‌ಪಾಸ್ ಇದ್ದರೆ ಅಲ್ಲಿ ತಿರುಗಿಸಿಕೊಂಡು ಬರುವುದು. ಕಾಫಿ ಐದು ನಿಮಿಷ ತಡವಾದರೆ ಆರಿಹೋಗುವುದಿಲ್ಲ.

ಸಿಗ್ನಲ್ ಇಲ್ಲದ ಕ್ರಾಸಿನಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ. ಸರ್ಕಲ್‌ಗಳಲ್ಲಿ, ಮೈಸೂರಿಗೆ ಹೋದರೆ ಹೆಜ್ಜೆಗೊಂದು ಸಿಗುತ್ತದಲ್ಲ, ಒಳಗೆ ಸುತ್ತುತ್ತಿರುವವರಿಗೆ ಮೊದಲು ದಾರಿ. ನಿಮ್ಮವರು ಒಳಗೆ ಹೋದರು ಅಂತ ನಿಮಗೂ ದಾರಿ ಸಿಕ್ಕಂತಲ್ಲ. ಅವರು ಸಿಕ್ಕ ಸಂದಿಯಲ್ಲಿ ಹೋದರು, ನಿಮ್ಮ ಸಂದಿ ನೀವು ಕಾಯಿರಿ.

ಇಂಟರ್‌ಕಾಮ್ ಕೇಳಿದ್ದೀರಿ. ದುಡ್ಡಿದ್ದರೆ ತೆಗೆದುಕೊಳ್ಳಿ, ಅದು ಬಹಳ ಗಾಬರಿ ಕಳೆಯುತ್ತದೆ. "ನಾನು ಕೆಂಪಲ್ಲಿ ನಿಂತೆ, ನೀವು ಮುಂದೆ ಬಂಕಿನಲ್ಲಿರಿ" ಅನ್ನಲು ಮೂರು ಸೆಕೆಂಡ್ ಸಾಕು. ಆದರೆ ಅದರಲ್ಲೊಂದು ಮೋಸ ಇದೆ. ನನ್ನ ಬೀಸಿದ ಕೈಯೇ ಅದರೊಳಗೆ ದನಿಯಾಗಿ ಕೂತಿರುತ್ತದೆ. "ಕ್ಲಿಯರ್ ಇದೆ, ಬಾ ಬಾ." ಅವರಿಗೆ ಕ್ಲಿಯರ್ ಇದ್ದದ್ದು ಮೂರು ಸೆಕೆಂಡ್ ಹಿಂದೆ, ಅವರಿದ್ದ ಜಾಗದಲ್ಲಿ. ಹಾಗಾಗಿ ನನ್ನ ಶಿಷ್ಯರಿಗೆ ಒಂದು ಕಟ್ಟುನಿಟ್ಟು. ಇಂಟರ್‌ಕಾಮ್‌ನಲ್ಲಿ ಸುದ್ದಿ ಹೇಳಿ, ಅಪ್ಪಣೆ ಕೊಡಬೇಡಿ. "ಎಡಗಡೆ ಟ್ರ್ಯಾಕ್ಟರ್ ನಿಂತಿದೆ" ಅನ್ನುವುದು ಸುದ್ದಿ. "ಜಲ್ಲಿ ಇದೆ", "ಸಿಗ್ನಲ್ ಹತ್ತಿರ ಬಂತು" ಸುದ್ದಿ. "ಬಾ", "ಓವರ್‌ಟೇಕ್ ಮಾಡು", "ದಾಟು" ಅಪ್ಪಣೆ. ಇನ್ನು ಜಂಕ್ಷನ್ ಒಳಗೆ ಇಬ್ಬರೂ ಬಾಯಿ ಮುಚ್ಚಿಕೊಂಡಿರುವುದು ಉತ್ತಮ. ಮದುವೆಯಾದವರಿಗೆ ಕಷ್ಟ, ಆದರೂ.

ಯಾರು ಮುಂದೆ? ಇದಕ್ಕೆ ಒಂದೇ ಉತ್ತರ ಇಲ್ಲ. ಅವರು ಮುಂದೆ ಹೋದರೆ ದಾರಿ ಹುಡುಕುವ ತಲೆನೋವು ನಿಮಗಿಲ್ಲ, ಗುಂಡಿ ಎಲ್ಲಿದೆ ಅಂತ ಅವರನ್ನು ನೋಡಿ ಗೊತ್ತಾಗುತ್ತದೆ. ಅಪಾಯ ಏನೆಂದರೆ ಅವರ ವೇಗ ನಿಮ್ಮ ವೇಗವಾಗುತ್ತದೆ. ನಿಮ್ಮ ತಿರುವು, ನಿಮ್ಮ ಓವರ್‌ಟೇಕ್, ಎಲ್ಲದರ ತೀರ್ಮಾನವನ್ನೂ ಅವರೇ ಮಾಡುತ್ತಾರೆ. ಗೊರಗುಂಟೆಪಾಳ್ಯದಲ್ಲಿ ಆದದ್ದು ಅದೇ.

ನೀವು ಮುಂದೆ ಹೋದರೆ ವೇಗ ನಿಮ್ಮದು, ಹಳದಿಯ ತೀರ್ಮಾನ ನಿಮ್ಮದು, ಜೊತೆ ತಪ್ಪಿದರೂ ಹಿಂದೆ ಉಳಿಯುವವರು ಅನುಭವ ಇದ್ದವರು. ನಿಮ್ಮನ್ನು ಹಿಡಿಯುವ ಗಾಬರಿ ಅವರಿಗಿರುವುದಿಲ್ಲ. ಹೊಸಬರನ್ನು ಮುಂದೆ ಬಿಡುವುದು ನನಗೆ ಇಷ್ಟ, ಅದರಲ್ಲೂ ಹೆದ್ದಾರಿಯಲ್ಲಿ. ಇದಕ್ಕೂ ಅಪಾಯ ಇದೆ. ಹಿಂದೆ ಯಾರೋ ಮಾರ್ಕ್ಸ್ ಹಾಕುತ್ತಿದ್ದಾರೆ ಅನ್ನಿಸಿದರೆ ಕಣ್ಣು ಕನ್ನಡಿಗೇ ಅಂಟಿಕೊಳ್ಳುತ್ತದೆ. ಅವರು ಹಿಂದೆ ನಿಂತು ಹಾರ್ನ್ ಹೊಡೆದರಂತೂ ಮುಗಿಯಿತು. ಹಾರ್ನ್ ಹೊಡೆಯುವ ಪೈಕಿ ಅಂತ ಅನ್ನಿಸಿದರೆ ಮೊದಲೇ ಮಾತಾಡಿಕೊಳ್ಳಿ. ಗೊತ್ತಿಲ್ಲದ ಊರಿನ ಒಳಗೆ, ಹಾಸನದಲ್ಲಿ ಬೇಲೂರು ರಸ್ತೆ ಹಿಡಿಯುವಂಥ ಕಡೆ, ದಾರಿ ಗೊತ್ತಿರುವವರು ಮುಂದೆ ಬರಲಿ. ಊರು ದಾಟಿದ ಮೇಲೆ ಮತ್ತೆ ಬದಲಾಯಿಸಿ. ಬದಲಾಯಿಸುವುದನ್ನು ನಿಂತು ಮಾಡಿ, ಓಡುತ್ತಾ ಬೇಡ.

ದೊಡ್ಡ ಗುಂಪುಗಳಲ್ಲಿ ಎಲ್ಲರಿಗಿಂತ ಮುಂದೆ ಹೋಗುವ ಲೀಡ್, ಕೊನೆಯಲ್ಲಿ ಬರುವ ಸ್ವೀಪ್ ಅಂತ ಇರುತ್ತದೆ, ತಿರುವಿಗೊಬ್ಬರನ್ನು ನಿಲ್ಲಿಸಿ ದಾರಿ ತೋರಿಸುತ್ತಾರೆ. ಇಬ್ಬರೇ ಇದ್ದಾಗ ಅದು ನಡೆಯುವುದಿಲ್ಲ, ನಿಲ್ಲಿಸಲು ಮೂರನೆಯವರಿಲ್ಲವಲ್ಲ. ಒಬ್ಬರು ಜಂಕ್ಷನ್ನಿನಲ್ಲಿ ಬೈಕ್ ಅಡ್ಡ ನಿಲ್ಲಿಸಿ ಇನ್ನೊಬ್ಬರನ್ನು ದಾಟಿಸುವ ಪೋಲಿಸ್ ಕೆಲಸವನ್ನಂತೂ ಮಾಡಲೇಬೇಡಿ.

ಕೆಂಪಿನಲ್ಲಿ ಇಬ್ಬರೂ ಒಟ್ಟಿಗೆ ನಿಂತಾಗ ಅಕ್ಕಪಕ್ಕ ನಿಲ್ಲಬಹುದು, ಜಾಗ ಕಡಿಮೆ ಸಾಕು. ಆದರೆ ಹಸಿರು ಬಿದ್ದಾಗ ಅಕ್ಕಪಕ್ಕ ಹೊರಡಬೇಡಿ. ಮುಂದಿನವರು ಹೊರಡಲಿ, ನೀವು ಒಂದು ಎಣಿಸಿ, ಬಲಕ್ಕೆ ನೋಡಿ, ಆಮೇಲೆ ಹೊರಡಿ. ಆ ಒಂದು ಸೆಕೆಂಡಿನಲ್ಲಿ ಕೆಂಪು ಹಾರಿಸಿ ಬರುವವನು ಬಂದು ಹೋಗಿರುತ್ತಾನೆ. ಕಾಲಿಡುವಾಗ ನೆಲ ನೋಡಿಕೊಳ್ಳಿ. ಸ್ಟಾಪ್ ಲೈನ್ ಹತ್ತಿರ ಲೇನಿನ ನಡುವೆ ಗಾಡಿಗಳಿಂದ ಸೋರಿದ ಎಣ್ಣೆ ಇರುತ್ತದೆ. ಮಳೆ ಬಿದ್ದರೆ ಜೀಬ್ರಾ ಪಟ್ಟೆಯೂ ಸೋಪಿನ ಹಾಗೆ ಜಾರುತ್ತದೆ. ಬೈಕ್ ಆಫ್ ಆದರೆ ಆಗಲಿ, ಹಿಂದಿನವರು ಹಾರ್ನ್ ಹೊಡೆಯಲಿ. ಎಲ್ಲರಿಗೂ ಆಗುತ್ತದೆ.

ಮುಂದಿನ ಸಲ ಚಿಕ್ಕಮಗಳೂರಿಗೆ ಹೊರಡುವಾಗ ಒಂದು ವ್ಯತ್ಯಾಸ ಮಾತ್ರ ನೆನಪಿಟ್ಟುಕೊಳ್ಳಿ. ನೇರ ರಸ್ತೆಯ ಸಿಗ್ನಲ್‌ನಲ್ಲಿ ಬೇರೆಯಾದರೆ ಏನೂ ಆಗುವುದಿಲ್ಲ, ರಸ್ತೆ ಒಂದೇ, ಮುಂದೆ ಸಿಗುತ್ತೀರಿ. ರಸ್ತೆ ಕವಲಾಗುವ ಕಡೆ ಬೇರೆಯಾದರೆ ಮಾತ್ರ ಕಷ್ಟ. ನಿಮ್ಮ ದಾರಿಯಲ್ಲಿ ಮೊದಲ ದೊಡ್ಡ ಕವಲು ನೆಲಮಂಗಲ. ಅಲ್ಲಿ ಕುಣಿಗಲ್ ಕಡೆ ಎಡಕ್ಕೆ ಹೋಗದೆ ಫ್ಲೈಓವರ್ ಹತ್ತಿದರೆ ದಾಬಸ್‌ಪೇಟೆ ಕಡೆ ಹೋಗಿಬಿಡುತ್ತೀರಿ. ಹಾಗಾಗಿ ಅಲ್ಲಿ ಮುಂದಿನವರು ತಿರುಗಿದ ಮೇಲೆ ಕಾಯುವುದಲ್ಲ, ತಿರುಗುವ ಮುಂಚೆ ಎಡಕ್ಕೆ ಇಳಿದು ಕಾಯಬೇಕು. ಹಿಂದಿನವರು ಬಂದು ಕಣ್ಣಿಗೆ ಬಿದ್ದ ಮೇಲೆ ಹೊರಡಬೇಕು. ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ ಅಂತ ಇನ್ನೂ ಮೂರು ನಿಲುಗಡೆ ಗೊತ್ತು ಮಾಡಿಕೊಳ್ಳಿ. ಮೊದಲು ತಲುಪಿದವರು ಅಲ್ಲಿ ಕಾಯುವುದು, ಅರ್ಧ ಗಂಟೆಯಾದರೂ ಬರದಿದ್ದರೆ ಫೋನ್ ಮಾಡುವುದು. ಯಡಿಯೂರಿಗೆ ನೀವೇ ಮೊದಲು ತಲುಪಿದರೆ ಇಡ್ಲಿ ಹೇಳಿಬಿಡಿ, ಕಾಯಬೇಡಿ.